ಹ್ಯಾಲೊವೀನ್ ವೇಷ ಮನೆಯಲ್ಲೇ: ಹೂಡಿಯೋ, ಡಬ್ಬವೋ, ಊರಿಂದ ಬಂದ ಪೆಟ್ಟಿಗೆಯೋ?

ಅಕ್ಟೋಬರ್ ಎರಡನೇ ವಾರಕ್ಕೆ ಸರಿಯಾಗಿ ಮೆಸೇಜುಗಳು ಶುರುವಾಗುತ್ತವೆ. "ಮಗನಿಗೆ ಮೂರು ವರ್ಷ, ಡೈನೋಸಾರ್ ಆಗ್ಬೇಕಂತೆ. ಅಂಗಡಿಯದ್ದು ಮೂವತ್ತೈದು ಡಾಲರ್, ಒಂದು ಸಂಜೆಗೆ ಅಷ್ಟು ಯಾಕೆ ಅಂತ. ಹೊಲಿಗೆ ಬರಲ್ಲ. ಡಬ್ಬದಲ್ಲಿ ಮಾಡ್ಲಾ, ಬಟ್ಟೆಯಲ್ಲಿ ಮಾಡ್ಲಾ, ಅಮ್ಮ ಊರಿಂದ ತಂದ ಕೃಷ್ಣನ ಡ್ರೆಸ್ಸೇ ಹಾಕ್ಬಿಡ್ಲಾ?" ಅಮೆರಿಕಕ್ಕೆ ಬಂದು ಮಕ್ಕಳಾದ ಮೇಲೆ ನಮ್ಮವರೆಲ್ಲರಿಗೂ ಈ ಪ್ರಶ್ನೆ ಒಮ್ಮೆ ಎದುರಾಗಿಯೇ ಆಗುತ್ತದೆ. ನಾವು ಕಂಡಿದ್ದ ಛದ್ಮವೇಷ ಸ್ಪರ್ಧೆಯೇ ಬೇರೆ. ಐದು ನಿಮಿಷ ವೇದಿಕೆಯ ಮೇಲೆ ನಿಂತು "ನಾನು ಮಹಾತ್ಮಾ ಗಾಂಧಿ" ಅಂದು ಕೋಲು ಕುಟ್ಟಿ ಇಳಿದರೆ ಮುಗಿಯಿತು. ಇಲ್ಲಿ ಅಕ್ಟೋಬರ್ 31ರ ಹ್ಯಾಲೊವೀನ್ ಸಂಜೆ ಮಗು ಅದೇ ವೇಷದಲ್ಲಿ ಕತ್ತಲಲ್ಲಿ, ಚಳಿಯಲ್ಲಿ, ಕೈಯಲ್ಲೊಂದು ಚೀಲ ಹಿಡಿದು ಚಾಕೊಲೇಟ್ ಕೇಳುತ್ತಾ ಮೂವತ್ತು ಮನೆಗಳ ಮೆಟ್ಟಿಲು ಹತ್ತಿ ಇಳಿಯಬೇಕು. ಈ ವ್ಯತ್ಯಾಸ ನನಗೆ ಹೊಳೆಯಲು ಎರಡು ವರ್ಷ ಹಿಡಿಯಿತು.

ಹಾಗಾಗಿ "ಯಾವ ವೇಷ" ಎನ್ನುವುದಕ್ಕೆ ಮೊದಲು, ಆ ವೇಷ ಏನೇನನ್ನು ತಾಳಿಕೊಳ್ಳಬೇಕು ಎಂದು ಕೇಳಿಕೊಳ್ಳಿ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಚಳಿ. ನಾನಿರುವುದು ಮಿನೆಸೋಟಾದಲ್ಲಿ. ಅಕ್ಟೋಬರ್ 31ರಂದು ಇಲ್ಲಿ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ, ಆಮೇಲೆ ಹೊರಗೆ ಐದಾರು ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಒಳ್ಳೆಯ ವರ್ಷ. ಇಲ್ಲಿನ ಹಳಬರನ್ನು ಮಾತಿಗೆಳೆದರೆ 1991ರ ಹ್ಯಾಲೊವೀನ್ ಹಿಮಪಾತದ ಕತೆ ಹೇಳದೆ ಬಿಡುವುದಿಲ್ಲ. ಅಂದು ಶುರುವಾದ ಹಿಮ ನಿಲ್ಲುವಷ್ಟರಲ್ಲಿ ಮಿನಿಯಾಪೊಲಿಸ್‌ನಲ್ಲಿ 28 ಇಂಚು ದಾಟಿತ್ತು. ಇಂಥ ಊರಿನಲ್ಲಿ ವೇಷದ ಒಳಗೆ ಬೆಚ್ಚನೆಯ ಬಟ್ಟೆಗೆ ಜಾಗ ಇರಬೇಕು, ಇಲ್ಲವೇ ವೇಷವೇ ಬೆಚ್ಚಗಿರಬೇಕು. ಎರಡೂ ಇಲ್ಲದಿದ್ದರೆ ಎರಡು ವಾರ ಕೂತು ಮಾಡಿದ ಚಿಟ್ಟೆಯ ಮೇಲೆ ಕೊನೆಗೊಂದು ನೀಲಿ ಜಾಕೆಟ್ ಏರುತ್ತದೆ. ಡಲ್ಲಾಸ್, ಆಸ್ಟಿನ್, ಫ್ರೀಮಾಂಟ್ ಕಡೆಯವರ ಕಷ್ಟ ಇದರ ತಿರುವುಮುರುವು: ಅಲ್ಲಿ ಫ್ಲೀಸ್ ಬಟ್ಟೆಯ ಕರಡಿ ಹದಿನೈದನೇ ನಿಮಿಷಕ್ಕೆ ಬೆವತು ಅಳುತ್ತದೆ.

ಎರಡನೆಯದು ಉಚ್ಚೆ. ನಾಚಿಕೊಳ್ಳುವ ವಿಷಯವಲ್ಲ. ಈಗಷ್ಟೇ ಡೈಪರ್ ಬಿಟ್ಟ ಮಗು "ಅಮ್ಮಾ" ಅಂದ ಹೊತ್ತಿಗೂ ಅವಘಡಕ್ಕೂ ನಡುವೆ ಸಿಗುವುದು ಅರ್ಧ ನಿಮಿಷ. ಬೆನ್ನಿಗೆ ಜಿಪ್ ಇರುವ, ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡಾದ ವೇಷ ಎಷ್ಟೇ ಮುದ್ದಾಗಿದ್ದರೂ ಮೂರು ವರ್ಷದವರಿಗೆ ಬೇಡವೇ ಬೇಡ. ಮೇಲೊಂದು, ಕೆಳಗೊಂದು, ಎರಡು ತುಂಡಿರಲಿ.

ಮೂರನೆಯದು ಕಣ್ಣು, ಕಾಲು, ಕತ್ತಲೆ. ಮುಖವಾಡ ಹಾಕಿದ ಮಗುವಿಗೆ ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಬಟ್ಟೆ ಪಾದ ಮುಚ್ಚಿದರೆ ಮೆಟ್ಟಿಲು ಸಿಗುವುದಿಲ್ಲ. ಇದನ್ನು ಹಗುರಾಗಿ ಹೇಳುತ್ತಿಲ್ಲ. ಅಮೆರಿಕದ 1975ರಿಂದ 2016ರವರೆಗಿನ ರಸ್ತೆ ಅಪಘಾತಗಳ ದಾಖಲೆ ಜಾಲಾಡಿದ ಸಂಶೋಧಕರು, ಹಿಂದಿನ ಮತ್ತು ಮುಂದಿನ ವಾರದ ಅದೇ ಸಂಜೆಗಳಿಗಿಂತ ಹ್ಯಾಲೊವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ ಶೇ. 43ರಷ್ಟು ಹೆಚ್ಚು ಎಂದು 2018ರಲ್ಲಿ ಪ್ರಕಟಿಸಿದರು. ಕಪ್ಪು ಬೆಕ್ಕು, ಕಪ್ಪು ಬಾವಲಿ ಮಾಡಿ, ಯಾರು ಬೇಡ ಅಂದರು. ಬೆನ್ನಿಗೆ, ಚೀಲಕ್ಕೆ, ಷೂಗೆ ಹೊಳೆಯುವ ರಿಫ್ಲೆಕ್ಟಿವ್ ಟೇಪ್ ಅಂಟಿಸಿ. ಬೆಂಕಿಯ ಮಾತೂ ಇಲ್ಲಿಗೇ ಸೇರಿದ್ದು. ಕುಂಬಳಕಾಯಿ ಕೊರೆದು ಒಳಗಿಡುವ ಮೋಂಬತ್ತಿ ಕೂರುವುದು ಬಾಗಿಲ ಮೆಟ್ಟಿಲ ಮೇಲೆ, ಅಂದರೆ ಸರಿಯಾಗಿ ಮಗುವಿನ ಲಂಗದ ಎತ್ತರಕ್ಕೆ. ಈಗ ಬ್ಯಾಟರಿ ದೀಪ ಇಡುವವರು ಬಹಳ, ಆದರೆ ಎಲ್ಲರೂ ಅಲ್ಲ. ತೆಳು ಹತ್ತಿ, ರೇಯಾನ್ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್, ನೈಲಾನ್ ಅಷ್ಟು ಸುಲಭಕ್ಕೆ ಹೊತ್ತದಿದ್ದರೂ ಹೊತ್ತಿದರೆ ಕರಗಿ ಮೈಗಂಟುತ್ತದೆ. ಬಟ್ಟೆ ಯಾವುದೇ ಆಗಿರಲಿ, ಜೋಲುವ ತೋಳು, ನೆಲ ಗುಡಿಸುವ ಸೆರಗು, ಉದ್ದನೆಯ ಕೇಪು ಬೇಡ.

ಕಾರಿನಲ್ಲಿ ಬೇರೆ ಬಡಾವಣೆಗೆ ಹೋಗುವವರಾದರೆ ಕಾರ್ ಸೀಟನ್ನೂ ನೆನಪಿಡಿ. ದಪ್ಪ ಸ್ಪಂಜು, ಹತ್ತಿ ತುಂಬಿದ ವೇಷದ ಮೇಲೆ ಬೆಲ್ಟ್ ಬಿಗಿದರೆ ಬಿಗಿದಂತೆ ಕಾಣುತ್ತದೆ ಅಷ್ಟೇ. ಅಪಘಾತದಲ್ಲಿ ಆ ದಪ್ಪವೆಲ್ಲ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಅಂಥ ವೇಷವನ್ನು ಇಳಿದ ಮೇಲೆ ಹಾಕಿ.

ದುಡ್ಡನ್ನು ಕೊನೆಗಿಟ್ಟಿದ್ದೇನೆ. ಅದಕ್ಕಿಂತ ದುಬಾರಿ ನಿಮ್ಮ ರಾತ್ರಿಗಳು. ಮಗು ಮಲಗಿದ ಮೇಲೆ ಎಷ್ಟು ರಾತ್ರಿ ಒಂದೊಂದು ಗಂಟೆ ಕೊಡಬಲ್ಲಿರಿ? ಒಂದೇ ಆದರೆ ಒಂದು ದಾರಿ, ಐದಾದರೆ ಇನ್ನೊಂದು.

ಹೂಡಿಯ ಮೇಲೆ ಕಟ್ಟುವ ವೇಷ

ಇದೇ ನನ್ನ ಮೊದಲ ಆಯ್ಕೆ, ಎರಡನೆಯದು ಬಹಳ ದೂರದಲ್ಲಿದೆ. ಒಂದು ಬಣ್ಣದ ಹೂಡಿ, ಅಂದರೆ ತಲೆಟೋಪಿ ಸೇರಿಸಿ ಹೊಲಿದ ಬೆಚ್ಚನೆಯ ಅಂಗಿ, ಅದೇ ಬಣ್ಣದ ಪ್ಯಾಂಟು. ಮೇಲೆ ಫೆಲ್ಟ್ ಬಟ್ಟೆಯಲ್ಲಿ ಕಿವಿ, ಹೊಟ್ಟೆ, ಬಾಲ. ಹಸಿರಾದರೆ ಡೈನೋಸಾರ್ ಅಥವಾ ಕಪ್ಪೆ, ಬೂದಾದರೆ ಇಲಿ, ಆನೆ, ಕೋಲಾ, ಕಿತ್ತಳೆಯಾದರೆ ನರಿ ಅಥವಾ ಹುಲಿ. ಬೆಚ್ಚಗಿರುತ್ತದೆ, ಎರಡು ತುಂಡು, ಮುಖ ಖಾಲಿ, ಕಾರ್ ಸೀಟಿಗೆ ತೊಂದರೆಯಿಲ್ಲ. ಚಳಿ ಹೆಚ್ಚಾದರೆ ಒಂದು ಸೈಜ್ ದೊಡ್ಡ ಹೂಡಿ ತಂದು ಒಳಗೆ ಥರ್ಮಲ್ ಹಾಕಿ. ನವೆಂಬರ್ ಒಂದಕ್ಕೆ ಬಾಲ ಬಿಚ್ಚಿದರೆ ಅದು ಮಾಮೂಲಿ ಅಂಗಿ. ನನಗೆ ಬಿದ್ದ ಖರ್ಚು ಹೂಡಿ, ಪ್ಯಾಂಟು, ಫೆಲ್ಟ್ ಎಲ್ಲ ಸೇರಿ ಇಪ್ಪತ್ತು ಡಾಲರ್ ಚಿಲ್ಲರೆ; ಗುಡ್‌ವಿಲ್‌ನಂಥ ಹಳೆ ಬಟ್ಟೆ ಅಂಗಡಿಯಲ್ಲಿ ಹೂಡಿ ಸಿಕ್ಕ ವರ್ಷ ಅದರ ಅರ್ಧ.

ಸೋಲುವುದು ಕಿವಿಯಲ್ಲಿ. ಒಂದೇ ಪದರ ಫೆಲ್ಟ್ ಕತ್ತರಿಸಿ ಅಂಟಿಸಿದರೆ ಕಿವಿ ಹತ್ತು ನಿಮಿಷದಲ್ಲಿ ಒಣಗಿದ ವೀಳ್ಯದೆಲೆಯಂತೆ ಬಾಗುತ್ತದೆ. ಎರಡು ಪದರ ಇಡಿ, ನಡುವೆ ತಂತಿಯಿರುವ ಪೈಪ್ ಕ್ಲೀನರನ್ನು ಕಿವಿಯ ಅಂಚಿನ ಆಕಾರಕ್ಕೆ ಬಗ್ಗಿಸಿ ಸೇರಿಸಿ. ತಂತಿಯ ತುದಿಗಳನ್ನು ಒಳಕ್ಕೆ ಮಡಚಿ, ಚುಚ್ಚಬಾರದು. ಕಿವಿಯ ಬುಡವನ್ನು ಲಂಗದ ನೆರಿಗೆಯಂತೆ ಒಂದೇ ಒಂದು ಮಡಿಕೆ ಹಿಡಿದರೆ ಅದು ಬಟ್ಟಲಿನಂತೆ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಆ ಮಡಿಕೆಗೇ ನಾಲ್ಕೈದು ಕೈಹೊಲಿಗೆ ಹಾಕಿ ಹೂಡಿಗೆ ಸೇರಿಸಿ. ಜಾಗ ಗುರುತು ಮಾಡುವಾಗ ಹೂಡಿ ಮಗುವಿನ ತಲೆಯ ಮೇಲಿರಲಿ, ಮೇಜಿನ ಮೇಲಲ್ಲ. ಮೇಜಿನ ಮೇಲೆ ನೆತ್ತಿಯಲ್ಲಿದ್ದ ಕಿವಿ ತಲೆಗೇರಿದಾಗ ಹಿಂದಲೆಗೆ ಹೋಗಿರುತ್ತದೆ. ಬಾಲಕ್ಕೆ ಹಳೆಯ ಲೆಗಿಂಗ್ಸ್‌ನ ಒಂದು ಕಾಲು ಸಾಕು. ಒಳಗೆ ಹಳೇ ಕಾಲುಚೀಲ ತುರುಕಿ. ಉದ್ದ ಮಂಡಿಯ ಹಿಂಭಾಗ ದಾಟಬಾರದು. ದಾಟಿದರೆ ಹಿಂದೆ ಬರುವ ಅಣ್ಣ ಅದನ್ನು ತುಳಿಯದೆ ಬಿಡುವುದಿಲ್ಲ.

ಹೊಲಿಗೆಯೇ ಬೇಡ ಎನ್ನುವವರಿಗೆ ಬಿಸಿ ಅಂಟು ಹಾಕುವ ಗ್ಲೂ ಗನ್ ಇದೆ. ಹತ್ತು ಡಾಲರಿನೊಳಗೆ ಬರುತ್ತದೆ, ಕೆಲಸ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಆದರೆ ಡ್ರೈಯರಿಗೆ ಹಾಕಿದರೆ ಅಂಟು ಮೆತ್ತಗಾಗಿ ಹೊಟ್ಟೆಯ ಭಾಗ ಕಳಚಿ ಬರುತ್ತದೆ, ಅಂಗಿಯ ಮೇಲೆ ಗಟ್ಟಿ ಕಲೆ ಉಳಿಯುತ್ತದೆ. ಅಂಗಿಯನ್ನು ಮತ್ತೆ ಬಳಸಬೇಕೆಂದಿದ್ದರೆ ಸೂಜಿ ದಾರವೇ ಸರಿ. ಬೆರಳು ಸುಟ್ಟುಕೊಳ್ಳುವುದೂ ತಪ್ಪುತ್ತದೆ.

ಇದರ ಕೊರತೆ? ಬೀದಿಯಲ್ಲಿ ಇನ್ನೂ ಮೂರು ಡೈನೋಸಾರ್ ಸಿಗುತ್ತವೆ. ದೊಡ್ಡವರಿಗೆ ಅದು ಸಪ್ಪೆ ಅನ್ನಿಸಬಹುದು. ನಾಲ್ಕರ ಒಳಗಿನ ಮಗುವಿಗೆ ಇನ್ನೊಂದು ಡೈನೋಸಾರ್ ಕಂಡರೆ ಹಬ್ಬ.

ರಟ್ಟಿನ ಡಬ್ಬ

ಫೋಟೋದಲ್ಲಿ ಗೆಲ್ಲುವುದು ಇದು. ರೋಬೋ, ರೈಲು, ಫೈರ್ ಎಂಜಿನ್. ಡೈಪರ್ ಬಂದ ಡಬ್ಬ ಹೇಗೂ ಮನೆಯಲ್ಲಿರುತ್ತದೆ, ಖರ್ಚು ಹೆಚ್ಚೆಂದರೆ ಬಣ್ಣ ಮತ್ತು ಡಕ್ಟ್ ಟೇಪ್. ಮಗುವೂ ಕೂತು ಬಣ್ಣ ಬಳಿಯಬಹುದು, ಬಟ್ಟೆಯ ವೇಷದಲ್ಲಿ ಆ ಸುಖ ಕಡಿಮೆ.

ನನ್ನ ಮಗನಿಗೆ ನಾಲ್ಕು ತುಂಬಿದ ವರ್ಷ ಅವನಿಗೆ ಕಸದ ಲಾರಿಯೇ ಆಗಬೇಕಿತ್ತು. ಇಲ್ಲಿನ ಮಕ್ಕಳಿಗೆ ವಾರಕ್ಕೊಮ್ಮೆ ಬರುವ ಕಸದ ಲಾರಿ ಎಂದರೆ ತೇರು. ನಾಲ್ಕು ರಾತ್ರಿ ಕೂತು ಮಾಡಿದೆ: ಹಸಿರು ಮೈ, ಪೇಪರ್ ಪ್ಲೇಟಿನ ಚಕ್ರ, ಪಕ್ಕದಲ್ಲಿ ಕಸದ ತೊಟ್ಟಿ ಎತ್ತುವ ಕೈ, ಅದಕ್ಕೆ ದಾರ ಕಟ್ಟಿ ಎಳೆದರೆ ಏಳುವಂತೆ. ವೀಡಿಯೋ ಕಾಲ್‌ನಲ್ಲಿ ಅತ್ತೆ ನೋಡಿದವರೇ "ಅಮೆರಿಕಕ್ಕೆ ಹೋಗಿ ಮೊಮ್ಮಗನಿಗೆ ಕಸದ ಲಾರಿ ವೇಷ ಹಾಕಿದ್ದೀರಾ" ಎಂದು ಎರಡು ದಿನ ಮುನಿಸಿಕೊಂಡಿದ್ದರು. ಬೆಳಿಗ್ಗೆ ಪ್ರಿಸ್ಕೂಲ್‌ನಲ್ಲಿ ಮೆರವಣಿಗೆ ಚೆನ್ನಾಗಿಯೇ ಆಯಿತಂತೆ. ಆಮೇಲೆ ಎಲ್ಲರೂ ಚಾಪೆಯ ಮೇಲೆ ಕೂತರು, ಲಾರಿಗೆ ಕೂರಲು ಬರಲಿಲ್ಲ. ಸಂಜೆ ಮೂರನೇ ಮನೆಯ ಮೆಟ್ಟಿಲಲ್ಲಿ ಅವನು ನಿಂತುಬಿಟ್ಟ. ಕಾಲು ಕಾಣುತ್ತಿರಲಿಲ್ಲ. ಉಳಿದ ಬೀದಿಯುದ್ದಕ್ಕೂ ಲಾರಿಯನ್ನು ಹೊತ್ತವರು ನನ್ನ ಗಂಡ. ಮಗ ಕಂದು ಸ್ವೆಟರಿನಲ್ಲಿ ಆರಾಮಾಗಿ ಓಡಾಡಿ ಚಾಕೊಲೇಟ್ ತುಂಬಿಸಿಕೊಂಡ. ಏಳನೇ ಮನೆಯ ಅಜ್ಜ ಚಾಕೊಲೇಟನ್ನು ಗಂಡನ ಕೈಯಲ್ಲಿದ್ದ ಲಾರಿಗೂ ಹಾಕಿದರು.

ಆಮೇಲೆ ಕಲಿತದ್ದು: ಡಬ್ಬದ ಕೆಳಗಿನ ಅಂಚು ತೊಡೆಯ ನಡುವಿಗೆ ನಿಲ್ಲಬೇಕು, ಮಂಡಿಗಲ್ಲ. ಹೆಗಲಿಗೆ ತೆಳು ರಿಬ್ಬನ್ ಕಟ್ಟಿದರೆ ಕೊಯ್ಯುತ್ತದೆ, ಹಳೆಯ ಬ್ಯಾಗಿನ ಅಗಲ ಪಟ್ಟಿ ಒಳ್ಳೆಯದು. ಮುಂಭಾಗದ ದಪ್ಪ ಕಡಿಮೆಯಾದಷ್ಟೂ ಪಾದ ಕಾಣುತ್ತದೆ. ಪೂರ್ತಿ ಡಬ್ಬಕ್ಕಿಂತ ಎದೆಗೊಂದು, ಬೆನ್ನಿಗೊಂದು ಹಲಗೆಯಂತೆ ತೂಗುಹಾಕುವ ಎರಡು ರಟ್ಟು ವಾಸಿ; ಅದನ್ನು ಹಾಕಿಕೊಂಡು ಕೂರಲೂಬಹುದು. ಬಣ್ಣದ ಬಗ್ಗೆ ಒಂದು ಮಾತು. ಸ್ಪ್ರೇ ಪೇಂಟ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಬಳಸಿ ಎಂದಿರುತ್ತದೆ. ಅಕ್ಟೋಬರ್ ಕೊನೆಯ ನಮ್ಮ ಗ್ಯಾರೇಜು ಅದಕ್ಕಿಂತ ತಣ್ಣಗೆ, ಬೆಳಿಗ್ಗೆ ಹೋಗಿ ಮುಟ್ಟಿದರೆ ಬೆರಳಿಗೆ ಹಸಿರು. ಉತ್ತರದ ರಾಜ್ಯದವರು ಮನೆಯೊಳಗೇ ಅಕ್ರಿಲಿಕ್ ಬಣ್ಣ ಬಳಿಯಿರಿ, ಇಲ್ಲವೇ ಬಣ್ಣದ ಕಾಗದ ಅಂಟಿಸಿ. ಮಳೆ ಬಂದರೆ ಯಾವ ಡಬ್ಬವೂ ಉಳಿಯುವುದಿಲ್ಲ.

ಐದಾರು ವರ್ಷದವರಿಗೆ, ಸಮತಟ್ಟಾದ ಬೀದಿಗೆ, ಒಣ ಹವೆಗೆ ಡಬ್ಬ ಖಂಡಿತ ಸರಿ. ಸ್ಟ್ರೋಲರಿನಲ್ಲೋ ಎಳೆಯುವ ಕೆಂಪು ಗಾಡಿಯಲ್ಲೋ ಕೂರುವ ಒಂದು ವರ್ಷದ ಕೂಸಿದ್ದರಂತೂ ಇನ್ನೂ ಒಳ್ಳೆಯದು: ಮಗುವಿನ ಬದಲು ಗಾಡಿಗೇ ವೇಷ ಹಾಕಿ. ಗಾಡಿ ರಥವಾಗಲಿ, ದೋಣಿಯಾಗಲಿ, ಇಡ್ಲಿ ಪಾತ್ರೆಯಾಗಲಿ, ಕೂಸು ಒಳಗೆ ಕಂಬಳಿ ಹೊದ್ದು ನಿದ್ದೆ ಮಾಡುತ್ತದೆ.

ಬುಡದಿಂದ ಹೊಲಿಯುವುದು

ಮಿಷನ್ ಇದ್ದು, ಕೈ ಪಳಗಿದ್ದರೆ ಮಾತ್ರ. ಪ್ಯಾಟರ್ನ್ ಕೊಂಡು, ಬಟ್ಟೆ ಕೊಂಡು, ಜಿಪ್ ಕೊಂಡು ಲೆಕ್ಕ ಹಾಕಿದರೆ ಅಂಗಡಿಯ ವೇಷಕ್ಕಿಂತ ಹೆಚ್ಚಾಗುವುದೇ ಮಾಮೂಲು. 2025ರಲ್ಲಿ ಜೋಆನ್ ಬಟ್ಟೆ ಅಂಗಡಿಗಳೆಲ್ಲ ಮುಚ್ಚಿದ ಮೇಲೆ, ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡಿ ಗಜದ ಲೆಕ್ಕದಲ್ಲಿ ಕೊಳ್ಳುವುದೂ ಎಷ್ಟೋ ಊರುಗಳಲ್ಲಿ ಕಷ್ಟವಾಗಿದೆ. ಲಾಭವಿಲ್ಲ ಎಂದಲ್ಲ: ಅಳತೆ ಸರಿಯಾಗಿರುತ್ತದೆ, ತಂಗಿಗೂ ಬರುತ್ತದೆ, ಮಗಳು ಅದನ್ನು ಫೆಬ್ರವರಿವರೆಗೂ ಮನೆಯಲ್ಲಿ ಹಾಕಿಕೊಂಡು ತಿರುಗುತ್ತಾಳೆ. ಹೊಲಿಗೆಯೇ ನಿಮಗೆ ಸುಖ ಕೊಡುವ ಕೆಲಸವಾದರೆ ಮಾಡಿ, ಉಳಿತಾಯದ ಆಸೆಗೆ ಬೇಡ. ಬಟ್ಟೆಗೆ ನನ್ನ ಮತ ಫ್ಲೀಸ್‌ಗೆ: ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ, ಹೊಲಿಗೆ ಸೊಟ್ಟಗಿದ್ದರೆ ಅದರ ಜುಂಗಿನಲ್ಲಿ ಮುಚ್ಚಿಹೋಗುತ್ತದೆ.

ಊರಿಂದ ಬಂದ ಪೆಟ್ಟಿಗೆ

ನಮ್ಮವರ ಮನೆಗಳಲ್ಲಿ ಕಳೆದ ಬಾರಿ ಅಜ್ಜಿ ತಂದ ಕೃಷ್ಣನ ಪಂಚೆ, ಕಿರೀಟ, ಕೊಳಲು ಎಲ್ಲೋ ಸೂಟ್‌ಕೇಸಿನಲ್ಲಿ ಕೂತಿರುತ್ತವೆ. ಖರ್ಚು ಸೊನ್ನೆ, ರಾತ್ರಿ ನಿದ್ದೆ ಪೂರ್ತಿ. ಮೇಲಾಗಿ ಹ್ಯಾಲೊವೀನ್ ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಕನ್ನಡ ಸಂಘದವರು ಆ ಆಸುಪಾಸಿನ ವಾರಾಂತ್ಯದಲ್ಲಿ ಕಾರ್ಯಕ್ರಮ ಇಟ್ಟು ಮಕ್ಕಳನ್ನು ವೇದಿಕೆ ಹತ್ತಿಸಿದರೆ ಅದೇ ವೇಷ ಎರಡನೇ ಬಾರಿ ದುಡಿಯುತ್ತದೆ. ಬೇರೆ ಯಾವ ಆಯ್ಕೆಗೂ ಈ ಅನುಕೂಲ ಇಲ್ಲ.

ಆದರೆ ಕೃಷ್ಣನ ಎದೆ ಬರಿದು, ಮಿನೆಸೋಟಾದ ಗಾಳಿಗೆ ಅದು ತಡೆಯದು. ಹಳದಿ ಅಥವಾ ತಿಳಿನೀಲಿ ಥರ್ಮಲ್ ಅಂಗಿ ಒಳಗೆ ಹಾಕಿ. ಪಂಚೆಯನ್ನು ಕಚ್ಚೆ ಕಟ್ಟುವ ಬದಲು ಎಲಾಸ್ಟಿಕ್ ಹಾಕಿ ಹೊಲಿಸಿದ್ದೇ ಇರಲಿ, ಉಚ್ಚೆಯ ಮಾತು ಮರೆಯಬೇಡಿ. ನವಿಲುಗರಿಯನ್ನು ಮುಂದಿನ ಬಾರಿ ಊರಿಂದ ತರಿಸುವ ಯೋಚನೆಯಿದ್ದರೆ ಬಿಡಿ. ಭಾರತದಿಂದ ಅದರ ರಫ್ತಿಗೆ ನಿಷೇಧವಿದೆ. ಫೆಲ್ಟಿನಲ್ಲಿ ಹಸಿರು, ನೀಲಿ, ಕಂದು ಮೂರು ಸುತ್ತು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಎರಡಡಿ ದೂರಕ್ಕೆ ಗರಿಯೇ.

ದೇವರ ವೇಷ ಹಾಕಿ ಅಸ್ಥಿಪಂಜರ, ರಕ್ತಪಿಶಾಚಿಗಳ ನಡುವೆ ಕಳಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೃಷ್ಣ ಪೂತನಿಯನ್ನೇ ಕಂಡವನು, ಅವನಿಗೇನೂ ಆಗದು ಎಂದು ನಗುವವರೂ ಇದ್ದಾರೆ. ನಾನು ದೇವರನ್ನು ಜನ್ಮಾಷ್ಟಮಿಗೆ ಬಿಡುತ್ತೇನೆ. ಧರ್ಮಸೂಕ್ಷ್ಮಕ್ಕಲ್ಲ, ಮೂವತ್ತು ಮನೆಗಳಲ್ಲಿ "ನೀನು ಯಾರಪ್ಪ? ರಾಜಕುಮಾರನಾ? ಅಲ್ಲಾದೀನಾ?" ಎಂದು ಕೇಳಿಸಿಕೊಂಡು ಮಗು ಮುಖ ಸಣ್ಣ ಮಾಡುವುದನ್ನು ನೋಡಲಾರದೆ.

ಇದೇ ಕಾರಣಕ್ಕೆ ನಮ್ಮ ಕಡೆಯ ವೇಷವಾದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಕತೆಯದ್ದು ಆರಿಸಿ. ನನ್ನ ಗೆಳತಿಯ ಮಗಳು ಒನಕೆ ಓಬವ್ವ ಆಗಿದ್ದಳು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬರುವಾಗ ಒಬ್ಬೊಬ್ಬರಿಗೇ ಒನಕೆಯಿಂದ ಬಡಿದವಳು. ಐದು ವರ್ಷದ ಹುಡುಗಿ ಪ್ರತಿ ಬಾಗಿಲಲ್ಲೂ "ನಾನು ಕೋಟೆ ಕಾಪಾಡಿದವಳು" ಎಂದು ಇಂಗ್ಲಿಷಿನಲ್ಲಿ ಹೇಳಿ ಎರಡೆರಡು ಚಾಕೊಲೇಟ್ ಗಿಟ್ಟಿಸಿದಳು. ಗೆಳತಿಯ ಹಳೇ ಸೀರೆಯನ್ನು ಮಂಡಿಯ ಕೆಳಗೆ ಬರುವಂತೆ ಮೊದಲೇ ಕಚ್ಚೆಯಾಗಿ ಹೊಲಿದು, ಒಳಗೆ ಲೆಗಿಂಗ್ಸ್, ಮೇಲೆ ಉದ್ದ ತೋಳಿನ ಸ್ವೆಟರ್. ಒನಕೆ ಮಾತ್ರ ಶಾಲೆಗೆ ಹೋಗಲಿಲ್ಲ. ಹೆಚ್ಚಿನ ಶಾಲೆಗಳು ಕತ್ತಿ, ಗದೆ, ಬಿಲ್ಲು, ಆಯುಧದಂತೆ ಕಾಣುವ ಏನನ್ನೂ ಬಿಡುವುದಿಲ್ಲ, ಮುಖವಾಡವನ್ನೂ ಬಿಡುವುದಿಲ್ಲ. ಸಂಜೆಗೆಂದು ಈಜುಕೊಳದ ಸ್ಪಂಜಿನ ಕೊಳವೆಗೆ ಕಂದು ಟೇಪ್ ಸುತ್ತಿ ಒನಕೆ ಮಾಡಿದ್ದರು. ಯಾರ ತಲೆಗೆ ಬಡಿದರೂ ನೋವಿಲ್ಲ. ತಮ್ಮನ ತಲೆಗೆ ಬಡಿದದ್ದೂ ಆಯಿತು.

ಬಣ್ಣ ಮಾತ್ರ

ಕರಾವಳಿಯವರಿಗೆ ನವರಾತ್ರಿಯ ಹುಲಿವೇಷ ನೋಡಿ ಬೆಳೆದ ಕಣ್ಣು, ಕೈ ತುರಿಸುತ್ತದೆ. ಕಿತ್ತಳೆ ಹೂಡಿ, ಮುಖಕ್ಕೆ ನಾಲ್ಕು ಪಟ್ಟೆ, ಇಷ್ಟರಲ್ಲೇ ಹುಲಿ. ಆದರೆ ಮೂರು ವರ್ಷದ ಮಗು ಬಣ್ಣ ಒಣಗುವವರೆಗೆ ಮುಖ ಮುಟ್ಟದೆ ಇರುತ್ತದೆ ಎಂದು ನಂಬಬೇಡಿ, ಮೂಗು ಸೋರುವ ಕಾಲ ಬೇರೆ. ಚರ್ಮಕ್ಕೆಂದೇ ಮಾಡಿದ ಬಣ್ಣ ತನ್ನಿ, ಎರಡು ಮೂರು ದಿನ ಮೊದಲೇ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ನೋಡಿ. ಮೂಗಿನ ತುದಿಗೊಂದು ಚುಕ್ಕೆ, ಕೆನ್ನೆಗೆ ಮೂರು ಗೆರೆ ಸಾಕು. ಇದು ವೇಷವಲ್ಲ, ವೇಷಕ್ಕೆ ಒಗ್ಗರಣೆ.

ಹಾಗಾದರೆ ನಿಮಗೆ?

ನಡೆಯಲು ಬಾರದ ಕೂಸಾದರೆ ಗಾಡಿಗೆ ಡಬ್ಬ, ಮಗುವಿಗೆ ಟೋಪಿ. ಎರಡರಿಂದ ನಾಲ್ಕಾದರೆ ಹೂಡಿ, ಬೇರೆ ಮಾತೇ ಇಲ್ಲ. ಐದು ದಾಟಿ, ತಾನೇ ಏನಾಗಬೇಕೆಂದು ಹಟ ಹಿಡಿಯುವ ಮಗುವಾದರೆ ಡಬ್ಬವೋ ಓಬವ್ವನೋ ಅದರ ಇಷ್ಟ. ಇವತ್ತು 30ನೇ ತಾರೀಕು, ರಾತ್ರಿ ಹತ್ತು ಗಂಟೆ ಎನ್ನುವವರು ಮನೆಯಲ್ಲಿರುವ ಒಂದೇ ಬಣ್ಣದ ಅಂಗಿ ಪ್ಯಾಂಟಿಗೆ ಕಾಗದದ ಕಿವಿಯ ಹೇರ್‌ಬ್ಯಾಂಡ್ ಮಾಡಿ ಮಲಗಿ. ಮಗುವಿಗೆ ತಲೆಗೆ ಏನನ್ನು ಹಾಕಿದರೂ ಆಗದಿದ್ದರೆ ಕಿವಿಯನ್ನು ಬಿಟ್ಟು ಬಾಲವನ್ನಷ್ಟೇ ಮಾಡಿ. ಅದು ಬೆನ್ನ ಹಿಂದಿರುವುದರಿಂದ ಜಗಳವಿಲ್ಲ. ಕೆಲವು ಶಾಲೆಗಳಲ್ಲಿ ಹ್ಯಾಲೊವೀನ್ ಬದಲು ಪುಸ್ತಕದ ಪಾತ್ರಗಳ ಮೆರವಣಿಗೆ ಇರುತ್ತದೆ, ಕೆಲವಲ್ಲಿ ಏನೂ ಇರುವುದಿಲ್ಲ. ಬಟ್ಟೆ ಕತ್ತರಿಸುವ ಮೊದಲು ಶಾಲೆಯ ಚೀಟಿ ಓದಿ.

ಹಿಂದಿನ ಶನಿವಾರ ಒಮ್ಮೆ ಪೂರ್ತಿ ವೇಷ, ಷೂ ಸಮೇತ ಹಾಕಿಸಿ ನೋಡಿ. ಮೆಟ್ಟಿಲು ಹತ್ತಿ ಇಳಿಯಲಿ, ನೆಲದ ಮೇಲೆ ಕೂತು ಏಳಲಿ, ಟಾಯ್ಲೆಟ್ಟಿಗೆ ಹೋಗಿ ಬರಲಿ. ಎಲ್ಲಿ ಅಳುತ್ತದೋ ಅಲ್ಲಿ ಕತ್ತರಿ ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಂಡುಬಿಡುತ್ತೇನೆ. ಈ ವರ್ಷ ನನ್ನ ಚಿಕ್ಕವಳು ಫ್ರಿಜ್ ಆಗಬೇಕಂತೆ. ಬಾಗಿಲು ತೆಗೆದರೆ ಒಳಗೆ ಲೈಟ್ ಹತ್ತಬೇಕು, ಮೊಸರಿನ ಡಬ್ಬಿ ಇರಬೇಕು. ಅವಳಿಗೆ ಮೂರೂವರೆ. ನಾನು ನಿನ್ನೆಯಿಂದ ರಟ್ಟು ಹುಡುಕುತ್ತಿದ್ದೇನೆ.